ಭಯೋತ್ಪಾದನೆ ನಿಗ್ರಹದ ಸಂಶೋಧನೆ: ಬಳ್ಳಾರಿ, ರಾಯಚೂರು, ಕೊಪ್ಪಳದ ಹುಡುಗ-ಹುಡುಗಿಯರಿಗೆ ಯಾವ ದಾರಿ ಸರಿ?

ಬಳ್ಳಾರಿಯಲ್ಲಿ ಪದವಿ ತರಗತಿಗಳಿಗೆ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಕೆಲವು ವರ್ಷಗಳಿಂದ ಒಂದು ಹೊಸ ಪ್ರಶ್ನೆ ಕೇಳಿಬರುತ್ತಿದೆ. 2023ರ ಡಿಸೆಂಬರ್‌ನಲ್ಲಿ ಭಯೋತ್ಪಾದನೆ ಪ್ರಕರಣಗಳ ತನಿಖೆ ಮಾಡುವ ಕೇಂದ್ರದ ಎನ್‌ಐಎ (ರಾಷ್ಟ್ರೀಯ ತನಿಖಾ ಸಂಸ್ಥೆ) ನಾಲ್ಕು ರಾಜ್ಯಗಳಲ್ಲಿ ಶೋಧ ನಡೆಸಿ 8 ಮಂದಿಯನ್ನು ಬಂಧಿಸಿತು. ಆ ಪ್ರಕರಣಕ್ಕೆ ‘ಬಳ್ಳಾರಿ ಮಾಡ್ಯೂಲ್’ (ಅಂದ್ರೆ ಬಳ್ಳಾರಿಯ ಗುಂಪು) ಅನ್ನೋ ಹೆಸರು ಬಿತ್ತು. 2024ರ ಮಾರ್ಚ್ 1ರಂದು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಸ್ಫೋಟವಾದಾಗ ತನಿಖೆಯ ಜಾಡು ಮತ್ತೆ ನಮ್ಮೂರಿನ ತನಕ ಬಂತು. ಟಿವಿಯಲ್ಲಿ ಊರಿನ ಹೆಸರು ಕೇಳಿ ಕೆಲವರು ಬೇಸರಪಟ್ಟರು. ಕೆಲವು ವಿದ್ಯಾರ್ಥಿಗಳು ಮಾತ್ರ ಬೇರೆ ಏನನ್ನೋ ಕೇಳಿದರು. ‘ಸರ್, ಇದನ್ನೆಲ್ಲ ಕೂತು ಅಧ್ಯಯನ ಮಾಡುವವರು ಯಾರು? ನಾವು ಆ ಕೆಲಸಕ್ಕೆ ಹೋಗಬೇಕು ಅಂದ್ರೆ ಏನು ಓದಬೇಕು?’

ಈಗ ಓದುಗರಿಂದಲೂ ಇದೇ ಬರುತ್ತಿದೆ. ಕೇಂದ್ರದ ಗುಪ್ತಚರ ಸಂಸ್ಥೆ ಐಬಿಯ ಪರೀಕ್ಷೆ ಬರೆಯಲಾ, ಎಂಎ ಮಾಡಿ ನೆಟ್ (ಉಪನ್ಯಾಸಕರ ಮತ್ತು ಫೆಲೋಶಿಪ್‌ನ ಅರ್ಹತಾ ಪರೀಕ್ಷೆ) ಬರೆಯಲಾ, ಪಿಎಸ್‌ಐ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್) ಆಗಲಾ, ಸೈಬರ್ ಕೋರ್ಸ್ ಸೇರಲಾ ಅಂತ. ಎಲ್ಲರಿಗೂ ಒಂದೇ ಉತ್ತರ ಕೊಡಲು ಆಗುವುದಿಲ್ಲ. ಆದರೆ ಅಳೆದು ನೋಡುವುದು ಹೇಗೆ ಅಂತ ಹೇಳಬಹುದು.

ಮೊದಲು ಕೆಲಸ ಎಂಥದ್ದು ಅಂತ ತಿಳಿಯಬೇಕು. ಬಂದೂಕು ಹಿಡಿದು ಬಾಗಿಲು ಒಡೆಯುವವರು ಬೇರೆ, ವಿಶ್ಲೇಷಕ ಬೇರೆ. ವಿಶ್ಲೇಷಕನ ದಿನ ಹೆಚ್ಚಾಗಿ ಕುರ್ಚಿಯ ಮೇಲೆ ಕಳೆಯುತ್ತದೆ. ಘಟನೆ ಯಾವತ್ತು ನಡೆಯಿತು, ಎಲ್ಲಿ, ಯಾವ ವಸ್ತು ಬಳಸಿದರು, ದುಡ್ಡು ಯಾವ ದಾರಿಯಲ್ಲಿ ಬಂತು, ಹಳೆಯ ಪ್ರಕರಣಗಳಿಗೆ ನಂಟು ಇದೆಯಾ ಅಂತ ಒಂದೊಂದಾಗಿ ಜೋಡಿಸಬೇಕು. ಯಾವುದು ಖಚಿತ, ಯಾವುದು ಊಹೆ ಅಂತ ಬೇರೆ ಮಾಡಬೇಕು. ಕೊನೆಗೆ, ಪುರುಸೊತ್ತಿಲ್ಲದ ಅಧಿಕಾರಿಗೂ ಅರ್ಥವಾಗುವ ಹಾಗೆ ಎರಡು ಪುಟದಲ್ಲಿ ಬರೆದು ಕೊಡಬೇಕು. ಓದುವುದು, ಬರೆಯುವುದು ಬೇಜಾರು ಅನ್ನುವವರಿಗೆ ಈ ಕೆಲಸ ಹಿಡಿಸುವುದಿಲ್ಲ. ಅಂಥವರು ನೇರವಾಗಿ ಪೊಲೀಸ್ ಅಥವಾ ಸೇನೆಯ ದಾರಿ ನೋಡುವುದು ಒಳ್ಳೆಯದು.

ಏನನ್ನು ನೋಡಿ ಆರಿಸಬೇಕು

ನನ್ನ ಪ್ರಕಾರ ಎಲ್ಲಕ್ಕಿಂತ ಮುಂಚೆ ಕೇಳಬೇಕಾದದ್ದು: ನಿಮ್ಮ ಮನೆ ನಿಮಗಾಗಿ ಎಷ್ಟು ವರ್ಷ ಕಾಯಬಲ್ಲದು? ಸಿಂಧನೂರಿನಲ್ಲಿ ಎರಡು ಎಕರೆ ಭತ್ತದ ಗದ್ದೆ ನಂಬಿದ ಮನೆಯ ಹುಡುಗನಿಗೂ, ಬಳ್ಳಾರಿಯಲ್ಲಿ ಅಪ್ಪ-ಅಮ್ಮ ಇಬ್ಬರೂ ಸರ್ಕಾರಿ ನೌಕರಿಯಲ್ಲಿರುವ ಹುಡುಗಿಗೂ ಒಂದೇ ಸಲಹೆ ಕೊಟ್ಟರೆ ಅನ್ಯಾಯ. ಎರಡು ವರ್ಷದೊಳಗೆ ಸಂಬಳ ಬರಲೇಬೇಕಾ, ಐದಾರು ವರ್ಷ ಆದರೂ ನಡೆಯುತ್ತಾ? ಇದನ್ನು ಮನೆಯವರ ಜೊತೆ ಕೂತು ಬಿಚ್ಚಿ ಮಾತಾಡಿ.

ಎರಡನೆಯದು ಹೆಸರಿನ ವಿಚಾರ. ಗುಪ್ತಚರ ಸಂಸ್ಥೆಗೆ ಹೋದರೆ ನೀವು ಬರೆದದ್ದನ್ನು ಹೊರಗಿನವರು ಯಾರೂ ಓದುವುದಿಲ್ಲ. ಮಾಡಿದ ಕೆಲಸವನ್ನು ಹೆಂಡತಿಗೂ, ಗಂಡನಿಗೂ ಹೇಳುವ ಹಾಗಿಲ್ಲ. 1923ರ ಅಧಿಕೃತ ರಹಸ್ಯ ಕಾಯ್ದೆ ಇವತ್ತಿಗೂ ಜಾರಿಯಲ್ಲಿದೆ. ನಿವೃತ್ತಿಯಾದ ಮೇಲೂ ಸುಮ್ನೆ ಪುಸ್ತಕ ಬರೆಯಲು ಆಗುವುದಿಲ್ಲ. 2021ರಲ್ಲಿ ತಿದ್ದುಪಡಿಯಾದ ಪಿಂಚಣಿ ನಿಯಮದ ಪ್ರಕಾರ, ಇಂಥ ಸಂಸ್ಥೆಗಳಿಂದ ನಿವೃತ್ತರಾದವರು ತಮ್ಮ ಸಂಸ್ಥೆಯ ವಿಷಯ ಪ್ರಕಟಿಸಲು ಮುಂಚೆಯೇ ಅನುಮತಿ ಪಡೆಯಬೇಕು. ವಿಶ್ವವಿದ್ಯಾಲಯದಲ್ಲಿ ಹಾಗಲ್ಲ, ಅಲ್ಲಿ ನಿಮ್ಮ ಹೆಸರೇ ಬಂಡವಾಳ. ಆದರೆ ಗುಟ್ಟಿನ ಮಾಹಿತಿ ನಿಮ್ಮ ಕೈಗೆ ಸಿಗುವುದಿಲ್ಲ. ಎಲ್ಲರಿಗೂ ಸಿಗುವ ಕಾಗದಪತ್ರದಲ್ಲೇ ಹೊಸದನ್ನು ಕಾಣಬೇಕು. ನಿಮ್ಮ ಸ್ವಭಾವ ಯಾವುದಕ್ಕೆ ಹೊಂದುತ್ತದೆ ಅಂತ ನಿಮಗೇ ಗೊತ್ತಿರುತ್ತದೆ.

ಉಳಿದ ಎರಡನ್ನು ಬೇಗ ಹೇಳಿಬಿಡುತ್ತೇನೆ. ಊರಿಂದ ಎಷ್ಟು ದೂರ ಹೋಗಲು ತಯಾರಿದ್ದೀರಿ? ಹಿಂಸೆಯ ಚಿತ್ರ, ವಿಡಿಯೊ, ಸಾವಿನ ವಿವರ ದಿನಾ ನೋಡಿದರೆ ನಿಮ್ಮ ಮನಸ್ಸು ತಡೆಯುತ್ತದಾ?

ಐಬಿ ಮತ್ತು ಕೇಂದ್ರದ ಇತರ ಹುದ್ದೆಗಳು

1887ರಲ್ಲಿ ಶುರುವಾದ ಇಂಟೆಲಿಜೆನ್ಸ್ ಬ್ಯೂರೊ (ಐಬಿ) ದೇಶದೊಳಗಿನ ಗುಪ್ತಚರ ಕೆಲಸ ನೋಡಿಕೊಳ್ಳುತ್ತದೆ. ಪದವೀಧರರಿಗೆ ಇಲ್ಲಿ ನೇರ ಬಾಗಿಲು ಎಸಿಐಒ (ಸಹಾಯಕ ಕೇಂದ್ರ ಗುಪ್ತಚರ ಅಧಿಕಾರಿ) ಗ್ರೇಡ್-2 ಎಕ್ಸಿಕ್ಯೂಟಿವ್ ಹುದ್ದೆ. 2025ರಲ್ಲಿ 3,717 ಹುದ್ದೆಗಳಿಗೆ ಅರ್ಜಿ ಕರೆದಿದ್ದರು. ವಯಸ್ಸು 18ರಿಂದ 27. ಒಬಿಸಿಯವರಿಗೆ 3 ವರ್ಷ, ಎಸ್‌ಸಿ, ಎಸ್‌ಟಿಯವರಿಗೆ 5 ವರ್ಷ ಸಡಿಲಿಕೆ ಇದೆ. ಮೂಲ ವೇತನ 44,900 ರೂಪಾಯಿಯಿಂದ ಶುರು, ಅದರ ಮೇಲೆ ಶೇ 20 ವಿಶೇಷ ಭದ್ರತಾ ಭತ್ಯೆ. ಯಾವ ವಿಷಯದಲ್ಲಿ ಪದವಿ ಆಗಿದ್ದರೂ ನಡೆಯುತ್ತದೆ.

ಬೇಗ ಸಂಬಳ ಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ಕಾಣುವುದಿಲ್ಲ. ತೊಡಕು ಏನಂದ್ರೆ, ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಇರುತ್ತದೆ. ಎರಡನೇ ಹಂತದಲ್ಲಿ ಪ್ರಬಂಧ ಬರೆಯಬೇಕು. ಕನ್ನಡ ಮಾಧ್ಯಮದ ನಮ್ಮ ಮಕ್ಕಳು ಗಣಿತ, ರೀಸನಿಂಗ್‌ಗೆ ಒದ್ದಾಡಿ ಓದುತ್ತಾರೆ, ಬರವಣಿಗೆಯನ್ನು ಕೊನೆಗೆ ಬಿಡುತ್ತಾರೆ. ದಿನಕ್ಕೊಂದು ಪುಟ ಇಂಗ್ಲಿಷ್ ಬರೆದು ಯಾರಿಗಾದರೂ ತೋರಿಸಿ ತಿದ್ದಿಸಿಕೊಳ್ಳಿ. ಆ ಅಭ್ಯಾಸ ಕೆಲಸಕ್ಕೆ ಸೇರಿದ ಮೇಲೂ ಬೇಕಾಗುತ್ತದೆ. ಇನ್ನೊಂದು ಮಾತು ತಿಳಿದಿರಲಿ. ಸೇರಿದ ತಕ್ಷಣ ಭಯೋತ್ಪಾದನೆಯ ವಿಭಾಗವೇ ಸಿಗುತ್ತದೆ ಅಂತ ಯಾರೂ ಭರವಸೆ ಕೊಡುವುದಿಲ್ಲ. ಎಲ್ಲಿಗೆ ಹಾಕಿದರೆ ಅಲ್ಲಿಗೆ ಹೋಗಬೇಕು.

ಎಸ್‌ಎಸ್‌ಎಲ್‌ಸಿ ಆದವರಿಗೆ ಐಬಿಯಲ್ಲಿ ಸೆಕ್ಯುರಿಟಿ ಅಸಿಸ್ಟೆಂಟ್ ಹುದ್ದೆ ಇದೆ. ಅದಕ್ಕೆ ಆಯಾ ರಾಜ್ಯದ ಭಾಷೆ ಬರಲೇಬೇಕು. ನಮ್ಮ ಕಡೆಯ ಮಕ್ಕಳು ತಮ್ಮ ಕೈಯಲ್ಲಿರುವ ಒಂದು ಶಕ್ತಿಯನ್ನು ಗಮನಿಸುವುದೇ ಇಲ್ಲ. ಬಳ್ಳಾರಿ, ರಾಯಚೂರಿನಲ್ಲಿ ಬೆಳೆದವರಿಗೆ ಕನ್ನಡ, ತೆಲುಗು, ಉರ್ದು ಮೂರೂ ಕಿವಿಗೆ ಬಿದ್ದಿರುತ್ತವೆ. ಎಷ್ಟೋ ಮನೆಗಳಲ್ಲಿ ಲಂಬಾಣಿಯೂ ಇದೆ. ದೆಹಲಿಯಲ್ಲಿ ಕೂತ ವಿಶ್ಲೇಷಕನಿಗೆ ಅನುವಾದಕ ಬೇಕಾಗುವ ಕಡೆ ನಮಗೆ ನೇರವಾಗಿ ಅರ್ಥವಾಗುತ್ತದೆ. ಉರ್ದು ಲಿಪಿ ಓದಲು ಬರದಿದ್ದರೆ ಕಲಿತುಕೊಳ್ಳಿ. ತೆಲುಗು ಲಿಪಿಯಂತೂ ನಮಗೆ ಬೇಗ ಹತ್ತುತ್ತದೆ.

ಎನ್‌ಐಎ ಹುಟ್ಟಿದ್ದು 2008ರ ಮುಂಬೈ ದಾಳಿಯ ನಂತರ. ಬೆಂಗಳೂರಿನಲ್ಲೂ ಅದರ ಶಾಖೆ ಇದೆ. ಪದವೀಧರರಿಗೆ ಕೇಂದ್ರದ ಸಿಬ್ಬಂದಿ ಆಯ್ಕೆ ಆಯೋಗ ನಡೆಸುವ ಎಸ್‌ಎಸ್‌ಸಿ ಸಿಜಿಎಲ್ ಪರೀಕ್ಷೆಯ ಮೂಲಕ ಅಲ್ಲಿ ಸಬ್ ಇನ್‌ಸ್ಪೆಕ್ಟರ್ ಆಗಬಹುದು. ಆದರೆ ಅದು ತನಿಖೆ. ಸಾಕ್ಷಿ ಸೇರಿಸಿ ಕೋರ್ಟ್‌ನಲ್ಲಿ ನಿಲ್ಲುವ ಕೆಲಸ. ಮುಂದೆ ಏನಾಗಬಹುದು ಅಂತ ಹೇಳುವ ವಿಶ್ಲೇಷಣೆ ಅಲ್ಲ.

ವಿದೇಶದ ಗುಪ್ತಚರ ಕೆಲಸ ನೋಡುವ ‘ರಾ’ ಬಗ್ಗೆ ಎಲ್ಲರೂ ಕೇಳುತ್ತಾರೆ. 1968ರಲ್ಲಿ ಶುರುವಾದ ಆ ಸಂಸ್ಥೆಗೆ ಐಬಿಯ ಹಾಗೆ ಎಲ್ಲರೂ ಬರೆಯುವ ನೇರ ಪರೀಕ್ಷೆ ಇಲ್ಲ. ‘ರಾ ನೇಮಕಾತಿ, ಫೀ ಕಟ್ಟಿ’ ಅಂತ ಮೊಬೈಲ್‌ಗೆ ಬರುವ ಲಿಂಕ್‌ಗಳು ಮೋಸ. ಒಂದು ರೂಪಾಯಿಯೂ ಕಟ್ಟಬೇಡಿ. ಇನ್ನು ಯುಪಿಎಸ್‌ಸಿ ಬರೆದು ಐಪಿಎಸ್ ಆಗುವುದು ದೊಡ್ಡ ದಾರಿ, ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಆದರೆ ಬರೀ ಈ ವಿಷಯದ ಆಸೆಗಾಗಿ ಅದಕ್ಕೆ ಇಳಿಯಬೇಡಿ. ಐಪಿಎಸ್ ಅಧಿಕಾರಿಯ ನೂರು ಜವಾಬ್ದಾರಿಗಳಲ್ಲಿ ಇದೂ ಒಂದು, ಅಷ್ಟೆ.

ರಾಜ್ಯ ಪೊಲೀಸ್: ಇಲ್ಲಿ 371(ಜೆ) ನಮ್ಮ ಕೈಯಲ್ಲಿದೆ

ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮವರು ಇದನ್ನು ಪೂರ್ತಿ ಬಳಸಿಕೊಳ್ಳುತ್ತಿಲ್ಲ ಅಂತ ನನಗೆ ಅನಿಸುತ್ತದೆ.

ಸಂವಿಧಾನದ 371(ಜೆ) ವಿಧಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ರಾಜ್ಯ ಸರ್ಕಾರದ ಉದ್ಯೋಗದಲ್ಲಿ ಪ್ರತ್ಯೇಕ ಪಾಲು ಕೊಡುತ್ತದೆ. ಸ್ಥಳೀಯ ವೃಂದದ (ಈ ಭಾಗಕ್ಕೇ ಗುರುತಿಸಿದ) ಹುದ್ದೆಗಳಲ್ಲಿ ದರ್ಜೆ ನೋಡಿಕೊಂಡು ಶೇ 75ರಿಂದ 85ರಷ್ಟು ನಮ್ಮ ಭಾಗದವರಿಗೆ ಮೀಸಲು. ಐಬಿ, ಎನ್‌ಐಎ ಮುಂತಾದ ಕೇಂದ್ರದ ಹುದ್ದೆಗಳಿಗೆ ಇದು ಅನ್ವಯಿಸುವುದಿಲ್ಲ. ಹಾಗಾಗಿ ಇಡೀ ದೇಶದ ಜೊತೆ ಪೈಪೋಟಿ ಮಾಡಬೇಕಾದ ಐಬಿಗೂ, ನಮ್ಮ ಏಳು ಜಿಲ್ಲೆಗಳವರ ನಡುವೆ ನಡೆಯುವ ಪಿಎಸ್‌ಐ ಪೈಪೋಟಿಗೂ ಬಹಳ ಅಂತರ ಇದೆ. 371(ಜೆ) ಅರ್ಹತಾ ಪ್ರಮಾಣಪತ್ರವನ್ನು ಪದವಿ ಓದುವಾಗಲೇ ಮಾಡಿಸಿ ಇಟ್ಟುಕೊಳ್ಳಿ. ಅರ್ಜಿಯ ಕೊನೇ ವಾರದಲ್ಲಿ ಕಚೇರಿಗೆ ಅಲೆಯುವುದು ಬೇಡ.

ಪಿಎಸ್‌ಐ ಲಿಖಿತ ಪರೀಕ್ಷೆಯಲ್ಲಿ ಪ್ರಬಂಧ, ಅನುವಾದ ಇರುತ್ತವೆ. ಕನ್ನಡ ಚೆನ್ನಾಗಿರುವವರಿಗೆ ಇದು ಅನುಕೂಲ. ಒಳಗೆ ಹೋದ ಮೇಲೆ ರಾಜ್ಯ ಗುಪ್ತವಾರ್ತೆ, ಆಂತರಿಕ ಭದ್ರತಾ ವಿಭಾಗದಂಥ ಕಡೆ ಕೆಲಸ ಮಾಡುವ ಅವಕಾಶ ಇದೆ. ಊರಿನ ಗಲ್ಲಿ, ಸಂತೆ, ಜಾತ್ರೆ ಗೊತ್ತಿರುವವರಿಗೆ ತಿಳಿಯುವ ಸೂಕ್ಷ್ಮ ಹೊರಗಿನವರಿಗೆ ತಿಳಿಯುವುದಿಲ್ಲ.

ಕಷ್ಟಗಳೂ ಇವೆ. ಠಾಣೆಯಲ್ಲಿ ಬಂದೋಬಸ್ತ್, ಗಲಾಟೆ, ಅಪಘಾತಗಳ ನಡುವೆ ಅಧ್ಯಯನಕ್ಕೆ ಪುರುಸೊತ್ತು ಸಿಗುವುದಿಲ್ಲ. ನೇಮಕಾತಿಯೂ ಎಳೆದಾಡುತ್ತದೆ. 545 ಪಿಎಸ್‌ಐ ಹುದ್ದೆಗಳಿಗೆ 2021ರಲ್ಲಿ ನಡೆದ ಪರೀಕ್ಷೆ ಅಕ್ರಮದ ಕಾರಣ ರದ್ದಾಯಿತು. ಮರುಪರೀಕ್ಷೆ ಆಗಿದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿದ ಎಷ್ಟೋ ಮಕ್ಕಳು ಧಾರವಾಡದ ಸಪ್ತಾಪುರದಲ್ಲಿ ರೂಮ್ ಬಾಡಿಗೆ ಕಟ್ಟುತ್ತಾ ಕಾಯುತ್ತಾ ಕೂತರು. ಅದಕ್ಕೇ ಪಿಎಸ್‌ಐ ಒಂದನ್ನೇ ನಂಬಿ ಕೂರಬೇಡಿ ಅಂತ ಹೇಳುತ್ತೇನೆ. ಎಸಿಐಒ ಮತ್ತು ಪಿಎಸ್‌ಐ ಎರಡಕ್ಕೂ ಓದು ಅರ್ಧಕ್ಕರ್ಧ ಒಂದೇ. ಜೊತೆಯಲ್ಲೇ ತಯಾರಾಗಿ.

ವಿಶ್ವವಿದ್ಯಾಲಯ ಮತ್ತು ಸಂಶೋಧನಾ ಸಂಸ್ಥೆ

ಹೆಸರು ಹಾಕಿ ಬರೆಯಬೇಕು, ಪ್ರಶ್ನೆ ಕೇಳುವ ಸ್ವಾತಂತ್ರ್ಯ ಬೇಕು ಅನ್ನುವವರಿಗೆ ಈ ದಾರಿ. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ಎಂಎ ಮಾಡಿದರೂ ಇದಕ್ಕೆ ಪ್ರವೇಶ ಇದೆ. ಖರ್ಚು ಮಾಡಲು ಆಗುತ್ತದೆ ಅಂದ್ರೆ ಮಣಿಪಾಲದಲ್ಲಿ ಜಿಯೊಪಾಲಿಟಿಕ್ಸ್ ಎಂಎ ಇದೆ. ಪುಣೆ ಮತ್ತು ಮದ್ರಾಸ್ ವಿಶ್ವವಿದ್ಯಾಲಯಗಳಲ್ಲಿ ರಕ್ಷಣಾ ಅಧ್ಯಯನದ ವಿಭಾಗಗಳಿವೆ. ಗುಜರಾತಿನ ಗಾಂಧಿನಗರದ ಹತ್ತಿರ ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯವಿದೆ. 2020ರ ಕಾಯ್ದೆಯಿಂದ ಅದಕ್ಕೆ ರಾಷ್ಟ್ರೀಯ ಮಹತ್ವದ ಸಂಸ್ಥೆಯ ಸ್ಥಾನ ಸಿಕ್ಕಿದೆ.

ಎಂಎ ಆದ ಮೇಲೆ ನೆಟ್. ಅದರಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಸಿಕ್ಕರೆ ತಿಂಗಳಿಗೆ 37,000 ರೂಪಾಯಿ, ಮುಂದೆ ಎಸ್‌ಆರ್‌ಎಫ್ (ಹಿರಿಯ ಫೆಲೋಶಿಪ್) ಆದಾಗ 42,000. ಬಡ ಮನೆಯ ಮಕ್ಕಳಿಗೆ ಪಿಎಚ್‌ಡಿ ಸಾಧ್ಯವಾಗುವುದೇ ಇದರಿಂದ. ಜೆಆರ್‌ಎಫ್ ಇಲ್ಲದೆ ಪಿಎಚ್‌ಡಿಗೆ ಸೇರುವ ಮುಂಚೆ ಎರಡು ಸಲ ಯೋಚಿಸಿ. ನಾಲ್ಕೈದು ವರ್ಷ ಅತಿಥಿ ಉಪನ್ಯಾಸಕರಾಗಿ ದುಡಿಯುತ್ತಾ, ರಾತ್ರಿ ಪ್ರಬಂಧ ಬರೆಯುತ್ತಾ ಸೋತು ಹೋದವರನ್ನು ನೋಡಿ ನನಗೆ ಸಂಕಟವಾಗಿದೆ.

ಸಂಶೋಧನಾ ಸಂಸ್ಥೆಗಳು ಹೆಚ್ಚಾಗಿ ದೆಹಲಿಯಲ್ಲಿವೆ. 1965ರಲ್ಲಿ ಶುರುವಾದ ಮನೋಹರ್ ಪರಿಕ್ಕರ್ ರಕ್ಷಣಾ ಅಧ್ಯಯನ ಸಂಸ್ಥೆ ಒಂದು. ಕೆ.ಪಿ.ಎಸ್. ಗಿಲ್ ಕಟ್ಟಿದ ಇನ್‌ಸ್ಟಿಟ್ಯೂಟ್ ಫಾರ್ ಕಾನ್‌ಫ್ಲಿಕ್ಟ್ ಮ್ಯಾನೇಜ್‌ಮೆಂಟ್ ಇನ್ನೊಂದು, ಅದು ನಡೆಸುವ ಸೌತ್ ಏಷ್ಯಾ ಟೆರರಿಸಂ ಪೋರ್ಟಲ್ ಎಲ್ಲರಿಗೂ ಉಚಿತ. ಬೆಂಗಳೂರಿನಲ್ಲಿ ಎನ್‌ಐಎಎಸ್, ತಕ್ಷಶಿಲಾ ಇವೆ. ಇಂಥ ಕಡೆ ಕೆಲಸ ಹೆಚ್ಚಾಗಿ ಗುತ್ತಿಗೆಯ ಮೇಲೆ, ಯೋಜನೆ ಮುಗಿದರೆ ಮುಂದಿನದು ಹುಡುಕಬೇಕು. ಇಂಟರ್ನ್‌ಶಿಪ್‌ಗೆ ದುಡ್ಡು ಕೊಡದ ಕಡೆಯೂ ಇವೆ. ದೆಹಲಿಯ ಬಾಡಿಗೆ ಕಟ್ಟುವ ಶಕ್ತಿ ಇಲ್ಲದಿದ್ದರೆ ಮನೆಯಿಂದಲೇ ಕೆಲಸ ಮಾಡಲು ಬಿಡುವ ಇಂಟರ್ನ್‌ಶಿಪ್ ಮೊದಲು ಕೇಳಿ. ಸಂಬಳ, ಭದ್ರತೆಯಲ್ಲಿ ಇದು ಐಬಿಗಿಂತ ಹಿಂದೆ. ಆದರೆ ಒಂದೇ ವಿಷಯದ ಆಳಕ್ಕೆ ಇಳಿಯಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಕನ್ನಡದಲ್ಲಿ ಈ ವಿಷಯದ ಬಗ್ಗೆ ಗಟ್ಟಿಯಾಗಿ ಬರೆಯುವವರು ಬಹಳ ಕಡಿಮೆ. 2024ರ ನವೆಂಬರ್‌ನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಎನ್‌ಕೌಂಟರ್‌ನಲ್ಲಿ ಸತ್ತ. 2025ರ ಜನವರಿಯಲ್ಲಿ ಆರು ಮಂದಿ ನಕ್ಸಲರು ಶರಣಾದರು. ಅವರೆಲ್ಲ ಕಾಡಿಗೆ ಹೋದದ್ದು ಯಾಕೆ, ವಾಪಸ್ ಬಂದದ್ದು ಯಾಕೆ ಅಂತ ಕೂತು ಅಧ್ಯಯನ ಮಾಡಲು ನಮ್ಮ ಭಾಷೆ ಬಲ್ಲವರೇ ಬೇಕು. ಈ ಕೆಲಸ ನಮ್ಮ ಮಕ್ಕಳು ಮಾಡಲಿ ಅಂತ ನನಗೆ ತುಂಬ ಆಸೆ.

ಖಾಸಗಿ ಕಂಪನಿ

ಬಿಕಾಂ, ಬಿಸಿಎ, ಎಂಜಿನಿಯರಿಂಗ್ ಮಕ್ಕಳು ಈ ಬಾಗಿಲನ್ನು ನೋಡಲೇಬೇಕು. ಭಯೋತ್ಪಾದನೆಗೆ ದುಡ್ಡು ಹೋಗುವುದನ್ನು ತಡೆಯುವುದು 2001ರ ಅಮೆರಿಕ ದಾಳಿಯ ನಂತರ ಎಫ್‌ಎಟಿಎಫ್ ಅನ್ನೋ ಅಂತರರಾಷ್ಟ್ರೀಯ ಸಂಸ್ಥೆಯ ಕೆಲಸಕ್ಕೂ ಸೇರಿತು. ನಮ್ಮ ದೇಶದಲ್ಲಿ ಅನುಮಾನದ ವಹಿವಾಟುಗಳನ್ನು ಬ್ಯಾಂಕ್‌ಗಳು ಕೇಂದ್ರದ ಹಣಕಾಸು ಗುಪ್ತಚರ ಘಟಕವಾದ ಎಫ್‌ಐಯುಗೆ ತಿಳಿಸಲೇಬೇಕು. ಆ ವಹಿವಾಟು ಹುಡುಕಿ, ಓದಿ, ವರದಿ ಬರೆಯುವವರು ಬೆಂಗಳೂರು, ಹೈದರಾಬಾದ್‌ನ ಕಚೇರಿಗಳಲ್ಲಿ ಕೂತಿರುತ್ತಾರೆ. ಲೆಕ್ಕಪತ್ರ ಬಲ್ಲ ಬಿಕಾಂ ಹುಡುಗಿಗೆ ಇದು ಬೇಗ ಸಿಗುವ ಕೆಲಸ. ರಾಯಚೂರಿನವರಿಗೆ ಹೈದರಾಬಾದ್ ಬೆಂಗಳೂರಿಗಿಂತ ಹತ್ತಿರವೂ ಹೌದು. ದುಬಾರಿ ಸರ್ಟಿಫಿಕೇಟ್ ಕೋರ್ಸ್‌ಗೆ ಸಾಲ ಮಾಡಬೇಡಿ, ಕೆಲಸಕ್ಕೆ ಸೇರಿದ ಮೇಲೆ ನೋಡಿಕೊಳ್ಳಬಹುದು.

ಸಾಮಾಜಿಕ ಜಾಲತಾಣದ ಕಂಪನಿಗಳಲ್ಲಿ ಹಿಂಸೆಯ ಪೋಸ್ಟ್, ವಿಡಿಯೊ ಪತ್ತೆ ಮಾಡುವ ಕೆಲಸ ಇದೆ. ಕನ್ನಡ, ತೆಲುಗು, ಉರ್ದು ಬಲ್ಲವರಿಗೆ ಬೇಡಿಕೆ ಬರುವುದು ಇಲ್ಲೇ. ಆದರೆ ಮನಸ್ಸಿನ ಪ್ರಶ್ನೆ ಎಲ್ಲಕ್ಕಿಂತ ಜೋರಾಗಿ ಬರುವುದೂ ಇಲ್ಲೇ. ದಿನವಿಡೀ ಕ್ರೌರ್ಯ ನೋಡಿ ನಿದ್ದೆ ಕಳೆದುಕೊಳ್ಳುವವರು ಇದ್ದಾರೆ. ಸಂದರ್ಶನದಲ್ಲಿ ನಾಚಿಕೆ ಬಿಟ್ಟು ಕೇಳಿ: ಕೌನ್ಸೆಲಿಂಗ್ ಇದೆಯಾ, ಒಂದೇ ಕೆಲಸದಲ್ಲಿ ಎಷ್ಟು ತಿಂಗಳು ಇರಿಸುತ್ತೀರಿ, ಬದಲಿಸುತ್ತೀರಾ? ಸರಿಯಾದ ಉತ್ತರ ಬರದಿದ್ದರೆ ಸಂಬಳ ಜಾಸ್ತಿ ಇದ್ದರೂ ಬೇಡ.

ತಾಂತ್ರಿಕ ಕಡೆ ಹೋಗುವವರಿಗೆ ಧಾರವಾಡದಲ್ಲೇ ರಾಷ್ಟ್ರೀಯ ವಿಧಿವಿಜ್ಞಾನ (ಫೊರೆನ್ಸಿಕ್) ವಿಶ್ವವಿದ್ಯಾಲಯದ ಕ್ಯಾಂಪಸ್ ಇದೆ, ರಾಯಚೂರಿನಲ್ಲಿ ಐಐಐಟಿ (ಮಾಹಿತಿ ತಂತ್ರಜ್ಞಾನ ಸಂಸ್ಥೆ) ಇದೆ. ಡೇಟಾ ಓದಲು ಬರುವವರು ಕಂಪನಿಗೂ ಬೇಕು, ಸರ್ಕಾರಕ್ಕೂ ಬೇಕು.

ಖರ್ಚಿಲ್ಲದೆ ಮೊದಲು ಪರೀಕ್ಷಿಸಿ

ಯಾವ ದಾರಿ ಆದರೂ ಸರಿ, ಫೀ ಕಟ್ಟುವ ಮುಂಚೆ ಮೂರು ತಿಂಗಳು ಈ ಕೆಲಸ ಮಾಡಿ ನೋಡಿ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಗ್ಲೋಬಲ್ ಟೆರರಿಸಂ ಡೇಟಾಬೇಸ್‌ನಲ್ಲಿ 1970ರಿಂದ ನಡೆದ 2 ಲಕ್ಷಕ್ಕೂ ಹೆಚ್ಚು ಘಟನೆಗಳು ದಾಖಲಾಗಿವೆ. ನೆದರ್ಲೆಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದ ಭಯೋತ್ಪಾದನೆ ಕೋರ್ಸ್ ಆನ್‌ಲೈನ್ ಪಾಠದ ತಾಣ ಕೋರ್ಸೆರಾದಲ್ಲಿದೆ. ‘ಸಿಟಿಸಿ ಸೆಂಟಿನೆಲ್’, ‘ಪರ್ಸ್‌ಪೆಕ್ಟಿವ್ಸ್ ಆನ್ ಟೆರರಿಸಂ’ ಪತ್ರಿಕೆಗಳನ್ನು ಉಚಿತವಾಗಿ ಓದಬಹುದು. ಭಯೋತ್ಪಾದನೆ ಪ್ರಕರಣಗಳಿಗೆ ಬಳಸುವ ಯುಎಪಿಎ ಕಾಯ್ದೆಯಡಿ ಜಾಮೀನಿನ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ ಎರಡು ತೀರ್ಪುಗಳನ್ನು ಅಕ್ಕಪಕ್ಕ ಇಟ್ಟು ಓದಿ: 2019ರ ವಟಾಲಿ ಪ್ರಕರಣ, 2021ರ ಕೆ.ಎ. ನಜೀಬ್ ಪ್ರಕರಣ. ಮೊದಲನೆಯದು ಜಾಮೀನನ್ನು ಬಿಗಿ ಮಾಡಿತು. ಎರಡನೆಯದು, ವಿಚಾರಣೆ ಬಹಳ ತಡವಾದರೆ ಸಂವಿಧಾನ ಕೊಟ್ಟ ಹಕ್ಕನ್ನು ಕೋರ್ಟ್ ಕಾಯಬಹುದು ಅಂತ ಹೇಳಿತು. ಎರಡರ ವಾದವನ್ನೂ ನಿಷ್ಠೆಯಿಂದ ಒಂದು ಪುಟದಲ್ಲಿ ಬರೆಯಲು ಬಂದರೆ ನಿಮ್ಮಲ್ಲಿ ವಿಶ್ಲೇಷಕ ಇದ್ದಾನೆ.

ಎರಡು ಎಚ್ಚರಿಕೆ. ಉಗ್ರ ಸಂಘಟನೆಗಳ ಗುಂಪುಗಳಿಗೆ ‘ಸಂಶೋಧನೆಗೆ’ ಅಂತ ಸೇರಬೇಡಿ, ಅವರ ವಿಡಿಯೊ, ಪತ್ರಿಕೆ ಇಳಿಸಿಕೊಳ್ಳಬೇಡಿ. ಸಂಸ್ಥೆಯ ಅನುಮತಿ, ಮಾರ್ಗದರ್ಶಕರು ಇಲ್ಲದ ವಿದ್ಯಾರ್ಥಿ ದೊಡ್ಡ ಕಾನೂನಿನ ತೊಂದರೆಗೆ ಸಿಕ್ಕಿಬೀಳಬಹುದು. ಇನ್ನೊಂದು, ಒಂದು ಸಮುದಾಯದ ಮೇಲಿನ ಸಿಟ್ಟಿನಿಂದ ಈ ಕೆಲಸಕ್ಕೆ ಬರಬೇಡಿ. ಕೋರ್ಟ್ ತೀರ್ಪು ಕೊಡುವ ತನಕ ಬಂಧಿತರು ಆರೋಪಿಗಳು ಮಾತ್ರ. ಬಳ್ಳಾರಿಯ ಕೌಲ್‌ಬಜಾರಿನ ಒಂದು ಇಡೀ ಬೀದಿಯನ್ನು ಅನುಮಾನದಿಂದ ನೋಡುವವನ ವರದಿ ತಪ್ಪೇ ಆಗುತ್ತದೆ, ಅದರಿಂದ ನಿಜವಾದ ಅಪಾಯ ಕಣ್ತಪ್ಪುತ್ತದೆ.

ಹಾಗಾದರೆ ಯಾರು ಯಾವ ಕಡೆ?

ಮನೆಗೆ ಎರಡು ವರ್ಷದಲ್ಲಿ ಸಂಬಳ ಬೇಕು, ಬಿಎ ಅಥವಾ ಬಿಎಸ್ಸಿ ಆಗಿದೆ ಅಂದ್ರೆ ಎಸಿಐಒ ಮತ್ತು ಪಿಎಸ್‌ಐ ಜೊತೆಯಾಗಿ. ಎಂಎ ಆಸೆ ಇದ್ದರೆ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ದೂರಶಿಕ್ಷಣಕ್ಕೆ ಹಾಕಿ. ಬಿಕಾಂ ಆಗಿದ್ದರೆ ಬ್ಯಾಂಕ್ ಕಡೆಯ ಕೆಲಸಕ್ಕೆ ಸೇರಿ, ದುಡಿಯುತ್ತಲೇ ಐಬಿ ಬರೆಯಿರಿ. ಮನೆ ಕಾಯಬಲ್ಲದು, ಬರವಣಿಗೆಯೇ ಪ್ರಾಣ ಅನ್ನುವವರು ಎಂಎ, ಜೆಆರ್‌ಎಫ್ ಕಡೆ ಧೈರ್ಯವಾಗಿ ಹೋಗಿ. ಆದರೆ ಜೆಆರ್‌ಎಫ್‌ಗೆ ಇಷ್ಟು ಪ್ರಯತ್ನ ಅಂತ ಮೊದಲೇ ಗೆರೆ ಹಾಕಿಕೊಳ್ಳಿ.

ಹೆಣ್ಣುಮಕ್ಕಳ ಅಪ್ಪ-ಅಮ್ಮ ನನ್ನ ಹತ್ತಿರ ಬಂದು ‘ಇದು ಅಪಾಯದ ಕೆಲಸ ಅಲ್ವಾ ಸರ್’ ಅಂತಾರೆ. ಬ್ಯಾಂಕ್, ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಯ ಕೆಲಸ ಬೇರೆ ಯಾವ ಕಚೇರಿ ಕೆಲಸಕ್ಕಿಂತಲೂ ಹೆಚ್ಚು ಅಪಾಯದ್ದಲ್ಲ. ಐಬಿಯಲ್ಲಿ ವರ್ಗಾವಣೆ ಇದೆ, ಪೊಲೀಸ್‌ನಲ್ಲಿ ಹೊತ್ತುಗೊತ್ತಿಲ್ಲದ ದುಡಿಮೆ ಇದೆ, ಅದನ್ನು ಮುಚ್ಚಿಡುವುದಿಲ್ಲ. ಮಗಳಿಗೆ ಮನಸ್ಸಿದ್ದರೆ ತಡೆಯಬೇಡಿ.

27ರ ಹತ್ತಿರ ಬಂದವರು ಇವತ್ತೇ ವಯಸ್ಸಿನ ಲೆಕ್ಕ ಹಾಕಿ. ಎಸಿಐಒ ಬಾಗಿಲು ಮುಚ್ಚಿದರೂ ಎಸ್‌ಎಸ್‌ಸಿ ಸಿಜಿಎಲ್ ಮೂಲಕ ಎನ್‌ಐಎಗೆ ಮತ್ತು ಜೆಆರ್‌ಎಫ್‌ಗೆ 30ರವರೆಗೆ ಅವಕಾಶ ಇದೆ. ಮೀಸಲಾತಿ ಇದ್ದವರಿಗೆ ಇನ್ನೂ ಕೆಲವು ವರ್ಷ ಸಿಗುತ್ತದೆ.